ಕಾಕಾ ಉಳಿಸಿ ತಂದ ಯುರೋ ಚಿಲ್ಲರೆ

ಮೊನ್ನೆ ಬೆಟಗೇರಿಯ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಒಬ್ಬಾಕೆ ನಾನು ಕೊಟ್ಟ ನೂರು ರೂಪಾಯಿಯನ್ನು ಬೇಡ ಎಂದಳು.

ಕೊಂಡದ್ದು ಹತ್ತು ರೂಪಾಯಿಯ ಕೊತ್ತಂಬರಿ. ಪರ್ಸಿನ ತಳ ಕೆದಕಿ ಒಂದು ನಾಣ್ಯ ಕೊಟ್ಟೆ. ನಡುವೆ ಬೆಳ್ಳಗೆ, ಸುತ್ತ ಹಳದಿ ಅಂಚು. ಆಕೆ ಸರಿಯಾಗಿ ನೋಡಲೂ ಇಲ್ಲ.

"ಹತ್ತರ ಕಾಯಿನ್ ಬ್ಯಾಡ್ರೀ ಅಕ್ಕಾರ. ಯಾರೂ ತಗೊಳ್ಳಂಗಿಲ್ಲ. ನೋಟಿದ್ರ ಕೊಡ್ರಿ."

ನೋಟು ಕೊಟ್ಟು, ನಾಣ್ಯ ಹಿಂದಕ್ಕೆ ತಗೊಂಡು ನೋಡುತ್ತೇನೆ, ಅದು ಒಂದು ಯುರೋ! ನಮ್ಮ ಲೆಕ್ಕದಲ್ಲಿ ನೂರರ ಆಸುಪಾಸು. ಭಾರತದ ನಾಣ್ಯ ಇರಬಹುದೆಂಬ ಒಂದೇ ಸಂಶಯಕ್ಕೆ ಇಡೀ ಯುರೋಪು ಬೆಟಗೇರಿಯಲ್ಲಿ ಮಾನ ಕಳೆದುಕೊಂಡಿತು.

ಈ ಯುರೋ ನನ್ನ ಪರ್ಸಿಗೆ ಬಂದದ್ದು ನನ್ನ ಕಾಕಾನಿಂದ. ಕಾಕಾನದು ಲಕ್ಷ್ಮೇಶ್ವರದಲ್ಲಿ ಕಾಳುಕಡಿ ವ್ಯಾಪಾರ. ಈ ಬೇಸಿಗೆಯಲ್ಲಿ ಹೆಂಡತಿಯನ್ನು, ಅಂದರೆ ನಮ್ಮ ಚಿಗವ್ವನನ್ನು, ಕರೆದುಕೊಂಡು ಗ್ರೂಪ್ ಟೂರಿನಲ್ಲಿ ಯುರೋಪ್ ನೋಡಿ ಬಂದ. ನಾವೆಲ್ಲ ಚಾಕಲೇಟಿನ ಆಸೆಯಲ್ಲಿದ್ದೆವು. ಕಾಕಾ ಮನೆಮನೆಗೆ ಹೋಗಿ, ಹೋಟೆಲ್ಲಿನ ಟಿಶ್ಯೂ ಪೇಪರಿನಲ್ಲಿ ಸುತ್ತಿದ ಚಿಲ್ಲರೆ ಹಂಚಿದ. "ನೆನಪಿಗೆ ಇಟ್ಕೋರಿ" ಎಂದ. (ಬೀಗರಿಗೆ ದೊಡ್ಡವು, ನಮ್ಮಂಥವರಿಗೆ ಬಹುತೇಕ ಕೆಂಪನೆಯ ಸಣ್ಣವು.)

ಹೇಳಿ, ಈ ಚಿಲ್ಲರೆಯನ್ನು ಏನು ಮಾಡುವುದು? ಬ್ಯಾಂಕಿಗೆ ಒಯ್ದೆ. "ನೋಟಿದ್ರ ನೋಡೋಣ್ರಿ ಮೇಡಂ, ಚಿಲ್ಲರೆ ನಡ್ಯಂಗಿಲ್ಲ" ಎಂದರು. ಎಸೆಯೋಣವೆಂದರೆ ಕೈ ಬರಲಿಲ್ಲ. ಗುಡಿಯ ಹುಂಡಿಗೆ ಹಾಕು ಎಂದು ಪಕ್ಕದ ಮನೆಯವರು ಹೇಳಿದರು. ದೇವರೇನು ಫಾರೆಕ್ಸ್ ಕೌಂಟರ್ ತೆರೆದು ಕೂತಿದ್ದಾನೆಯೇ?

ಭಾನುವಾರ ಲಕ್ಷ್ಮೇಶ್ವರಕ್ಕೆ ಊಟಕ್ಕೆ ಹೋಗಿದ್ದೆ. ಬಿಸಿ ರೊಟ್ಟಿ, ಎಣಗಾಯಿ. ಕಾಕಾನ ಪಕ್ಕ ಕೂತು ಕೇಳಿದೆ: "ಅಷ್ಟೊಂದು ಚಿಲ್ಲರೆ ಹೆಂಗ ಉಳೀತು ಕಾಕಾ? ಅಲ್ಲೇ ಚಾ ಕುಡದು ಮುಗಸಬಾರದಿತ್ತೇನು?"

"ಖರ್ಚ ಮಾಡೂದು ಎಲ್ಲಾರಿಗೂ ಬರ್ತೈತಿ ತಂಗಿ. ಉಳಸೂದು ಬರಬೇಕು."

ರೊಟ್ಟಿ ಬಡಿಸುತ್ತಿದ್ದ ಚಿಗವ್ವ ಅಲ್ಲೇ ನಿಂತಳು. "ಹೆಂಗ ಉಳೀತಂತ ನಾ ಹೇಳ್ಲೇನು?"

"ಏ, ಊಟದಾಗ ಅದೆಲ್ಲಾ ಯಾಕ?" ಕಾಕಾನ ದನಿ ಸ್ವಲ್ಪ ಇಳಿಯಿತು.

"ಊಟದಾಗ ಹೇಳೂ ಮಾತಲ್ಲ, ಖರೆ. ಆದ್ರ ಜಂಬ ನೀವು ಊಟದಾಗ ಕೊಚ್ಚಾಕತ್ತೀರಿ."

ಚಿಗವ್ವನಿಗೆ ಶುಗರ್ ಇದೆ. ಪದೇ ಪದೇ ಹೋಗಬೇಕಾಗುತ್ತದೆ. ಅಲ್ಲಿ ಟೂರಿನ ಬಸ್ಸು ಪೆಟ್ರೋಲ್ ಪಂಪುಗಳಲ್ಲಿ ನಿಲ್ಲುತ್ತಿತ್ತಂತೆ. ಟಾಯ್ಲೆಟ್ಟಿಗೊಂದು ಗೇಟು. ನಾಣ್ಯ ಹಾಕಿದರೆ ಮಾತ್ರ ತಿರುಗುವ ಗೇಟು. ಮೊದಲ ಸಲ ಅದರ ಮುಂದೆ ನಿಂತ ಕಾಕಾ ಯುರೋವನ್ನು ರೂಪಾಯಿಗೆ ಬದಲಿಸಿ ಲೆಕ್ಕ ಹಾಕಿದನಂತೆ. ಹಾಕಿದ್ದೇ ತಪ್ಪಾಯಿತು.

"ಉಚ್ಚಿ ಹೊಯ್ಯಾಕ ನೂರು ರೂಪಾಯಿ? ಅಷ್ಟರಾಗ ಗದಗದಾಗ ಇಬ್ಬರು ಹೊಟ್ಟಿತುಂಬ ನಾಷ್ಟಾ ಮಾಡ್ತಾರ! ಒಂದ್ ತಾಸು ತಡಕೋ, ಹೋಟೆಲ್ ಬರ್ತೈತಿ."

ತಾನು ಮಾತ್ರ ಬಸ್ಸಿನ ಹಿಂದೆ ಹೋಗಿ, ಅತ್ತಿತ್ತ ನೋಡಿ, ಒಂದು ಮರ ಹುಡುಕಿಕೊಂಡನಂತೆ. (ಗಂಡಸರಿಗೆ ಜಗತ್ತಿನ ಎಲ್ಲ ಮರಗಳೂ ಫ್ರೀ.)

"ಎಲ್ಲಾರೂ ಫಾಲ್ಸ್ ನೋಡಿ ವ್ಹಾ ವ್ಹಾ ಅನ್ನಾಕತ್ತಿದ್ರು. ನಾ ಆ ನೀರಿನ ಸಪ್ಪಳ ತಡ್ಯಾಕಾಗದ ಕಿವಿ ಮುಚ್ಕೊಂಡು ನಿಂತಿದ್ದೆ" ಎಂದಳು ಚಿಗವ್ವ.

ನಾವು ಬಿದ್ದು ಬಿದ್ದು ನಕ್ಕೆವು. ಕಾಕಾ ಕೂಡ ನಕ್ಕ. ಚಿಗವ್ವ ನಗಲಿಲ್ಲ.

"ಒಂದಿನ ತಡಕೊಳ್ಳಾಕ ಆಗಲೇ ಇಲ್ಲ ತಂಗಿ. ಗೇಟಿನ ಮುಂದ ನಿಂತ್ಬಿಟ್ಟೆ. ಇವ್ರು ಅಂಗಡ್ಯಾಗ ಏನೋ ನೋಡ್ಕೋತ ನಿಂತಿದ್ರು. ಕಿಸೆದಾಗ ಚಿಲ್ಲರೆ ಝಣಝಣ ಅಂತಿತ್ತು, ನನಗ ಕೇಳಿಸ್ತಿತ್ತು. ಯಾವಕಿನೋ ಒಬ್ಬಾಕಿ, ನಮ್ಮಾಕಿ ಅಲ್ಲ, ಅಲ್ಲಿಯಾಕಿ, ನನ್ನ ಮಾರಿ ನೋಡಿದ್ಲು. ಮಾತಿಲ್ಲ, ಕಥಿ ಇಲ್ಲ. ತನ್ನ ನಾಣ್ಯ ಹಾಕಿ, ನನ್ನ ಬೆನ್ನ ಮ್ಯಾಲೆ ಕೈ ಇಟ್ಟು ಒಳಗ ಕಳಿಸಿದ್ಲು. ನಾ ಹೊರಗ ಬರೂದ್ರಾಗ ಹೋಗಿಬಿಟ್ಟಿದ್ಲು. ಥ್ಯಾಂಕ್ಸ್ ಅನ್ನಾಕೂ ಆಗ್ಲಿಲ್ಲ."

ಕಾಕಾ ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದಿದ್ದ.

"ಅವತ್ತ ಹೇಳಬೇಕಿತ್ತಿಲ್ಲ ನೀ" ಎಂದ ಕೊನೆಗೆ.

"ಹೇಳಿದ್ದೆ. ನೀವು ರೇಟ್ ಹೇಳಿದ್ರಿ."

ಚಿಗವ್ವನಿಗೆ ಬ್ಯಾಂಕಿನಲ್ಲಿ ಅಕೌಂಟಿದೆ, ಎಟಿಎಂ ಕಾರ್ಡಿದೆ, ಸ್ವಂತ ಹೆಸರಿನಲ್ಲಿ ಹೊಲವಿದೆ. ಹಾಗಿದ್ದೂ ಟೂರಿಗೆ ಹೊರಟಾಗ ದುಡ್ಡೆಲ್ಲ ಹೋಗಿ ಕೂತದ್ದು ಕಾಕಾನ ಕಿಸೆಯಲ್ಲಿ. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ನಿಮ್ಮ ಮನೆಯಲ್ಲಿ ಟ್ರಿಪ್ಪಿಗೆ ಹೊರಟಾಗ ಪರ್ಸ್ ಯಾರ ಹತ್ತಿರ ಇರುತ್ತದೆ?

ಕೈ ತೊಳೆದು ಬಂದ ಮೇಲೆ ಚಿಗವ್ವ ಆರ್ಡರ್ ಹಾಕಿದಳು. ಹಂಚಿದ ಚಿಲ್ಲರೆಯೆಲ್ಲ ವಾಪಸ್ ಬರಬೇಕು. ಶಿರಹಟ್ಟಿಯ ಅವಳ ಗೆಳತಿ ಗಿರಿಜಕ್ಕ, ಗಂಡನ ಜೊತೆ ಇದೇ ಟೂರಿಗೆ ಹೊರಟಿದ್ದಾಳೆ. ಅವಳ ಕೈಗೆ ಕೊಡಬೇಕು.

"ಕೊಟ್ಟ ಗಿಫ್ಟ್ ವಾಪಸ್ ಕೇಳಿದ್ರ ಮಂದಿ ಏನಂದಾರು?" ಕಾಕಾ ಗೋಗರೆದ.

"ಏನರ ಅನ್ಲಿ. ಮುಳಗುಂದದ ಬೀಗರಿಗೆ ಮೊದ್ಲ ಫೋನ್ ಹಚ್ಚರಿ."

ಹಚ್ಚಿದ! ಬೆವರು ಒರೆಸಿಕೊಳ್ಳುತ್ತ, ಕೆಮ್ಮುತ್ತ, ಹವಾಮಾನ ವಿಚಾರಿಸಿ, ಆಮೇಲೆ ವಿಷಯಕ್ಕೆ ಬಂದ. ಬೀಗರು ಬೇಜಾರು ಮಾಡಿಕೊಳ್ಳಲಿಲ್ಲ. ನಿರಾಳವಾದರು. ಅವರಿಗೂ ಅದನ್ನು ಏನು ಮಾಡಬೇಕೋ ತಿಳಿದಿರಲಿಲ್ಲ.

ನಾಣ್ಯಗಳು ಎಲೆಅಡಿಕೆಯ ಹಳೆಯ ಸಂಚಿಯೊಂದರಲ್ಲಿ ತುಂಬಿದವು. ನಾನೂ ಚಿಗವ್ವನೂ ಬಸ್ಸು ಹತ್ತಿ ಶಿರಹಟ್ಟಿಗೆ ಹೋದೆವು. ಗಿರಿಜಕ್ಕನ ಮನೆಯ ಜಮಖಾನೆಯ ಮೇಲೆ ಸಂಚಿ ಸುರುವಿ ಚಿಗವ್ವ ಟ್ರೇನಿಂಗ್ ಶುರು ಮಾಡಿದಳು.

"ಇದೊಂದು ಹಾಕಿದ್ರ ಗೇಟ್ ತಿರಗ್ತೈತಿ. ಇಂಥಾವು ಆದ್ರ ಎರಡು ಹಾಕು. ಈ ಕೆಂಪನ್ವು ಯಾತಕ್ಕೂ ಬರಂಗಿಲ್ಲ, ಸುಮ್ನ ಭಾರ."

ಪಕ್ಕದಲ್ಲಿ ಕೂತು ಪೇಪರ್ ಓದುತ್ತಿದ್ದ ಗಿರಿಜಕ್ಕನ ಯಜಮಾನರು ಕೈ ಚಾಚಿದರು. "ಕೊಡ್ರಿ, ಫಾರಿನ್ ಕರೆನ್ಸಿ ಅದು. ನಾ ಜ್ವಾಕಿ ಇಟ್ಕೋತೀನಿ."

ಚಿಗವ್ವ ಸಂಚಿಯ ದಾರ ಎಳೆದು ಬಿಗಿ ಮಾಡಿದಳು. "ಬ್ಯಾಡ್ರೀ ಯಜಮಾನ್ರ. ಇದು ಆಕಿ ಸೊಂಟದಾಗ ಇರ್ಲಿ."

ಗಿರಿಜಕ್ಕ ಗಂಡನ ಮುಖ ನೋಡಿದಳು. ಚಿಗವ್ವನ ಮುಖ ನೋಡಿದಳು. ಆಮೇಲೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಟ್ಟಿಯಾಗಿ ನಕ್ಕಳು. ಯಜಮಾನರು ಮತ್ತೆ ಪೇಪರ್ ಎತ್ತಿಕೊಂಡರು. (ತಲೆಕೆಳಗಾಗಿ ಹಿಡಿದಿದ್ದರೇ? ನಾನು ಬಗ್ಗಿ ನೋಡಲಿಲ್ಲ.)

ಚಹಾ ಬಂತು, ತಂಬಿಗೆಯಲ್ಲಿ ನೀರು ಬಂತು. ಚಿಗವ್ವ ಚಹಾ ಒಂದು ಗುಟುಕು ಕುಡಿದು ಬಸಿ ಸರಿಸಿದಳು. ನೀರು ಮುಟ್ಟಲಿಲ್ಲ. ಹೊರಗೆ ಬಿಸಿಲು ಸುಡುತ್ತಿತ್ತು.

"ಯಾಕ, ಸಕ್ರಿ ಹಾಕಿಲ್ಲ, ಕುಡಿ" ಎಂದಳು ಗಿರಿಜಕ್ಕ.

"ಬ್ಯಾಡವಾ. ಬಸ್ಸಿಗೆ ಹೋಗೂದೈತಿ."

ಗಿರಿಜಕ್ಕನೂ ನಾನೂ ತಲೆಯಾಡಿಸಿದೆವು. ವಿವರಿಸುವುದೇನೂ ಇರಲಿಲ್ಲ. ನಾನೂ ನೀರು ಕುಡಿಯಲಿಲ್ಲ.

ಯುರೋಪಿಗೇನೋ ವ್ಯವಸ್ಥೆ ಆಯಿತು. ನಾಣ್ಯ ಹಾಕುವ ಗೇಟೇ ಇಲ್ಲದ ಹಾದಿಯಲ್ಲಿ ಶಿರಹಟ್ಟಿಯಿಂದ ಲಕ್ಷ್ಮೇಶ್ವರಕ್ಕೆ ಹೊರಟ ಹೆಂಗಸು ಯಾವ ದೇಶದ ಚಿಲ್ಲರೆ ಇಟ್ಟುಕೊಳ್ಳಬೇಕು?