ಸಿದ್ದಪ್ಪನ ಕೆಳಗೆ ಖಾಲಿ

ಶುಕ್ರವಾರ ಮಧ್ಯಾಹ್ನ ಖಾಜಾಮಿಯಾ ಫೋನ್ ಮಾಡಿ, “ಬಾಯಾರ, ಅಪ್ಪಾರು ಬಾಜೂಕ ಅದಾರೇನ್ರಿ?” ಎಂದು ಕೇಳಿದಾಗಲೇ ತುಳಸಾಬಾಯಿಗೆ ಏನೋ ಸರಿಯಿಲ್ಲ ಎನಿಸಿತು. ನಿವೃತ್ತ ಉರ್ದು ಮಾಸ್ತರರಾದ ಖಾಜಾಮಿಯಾ ಫೋನ್ ಮಾಡಿದರೆ ಮೊದಲು ಮೊಣಕಾಲಿನ ಸುದ್ದಿ, ಆಮೇಲೆ ಸೊಸೆ ಮಾಡುವ ಚಹಾದ ಸುದ್ದಿ, ಕಟ್ಟಕಡೆಗೆ ಕೆಲಸದ ಸುದ್ದಿ. ಇವತ್ತು ಮೊಣಕಾಲೂ ಇಲ್ಲ, ಚಹಾವೂ ಇಲ್ಲ. ಒಳಕೋಣೆಯಲ್ಲಿ ತೊಂಬತ್ತೊಂದರ ಅಪ್ಪ ರಾಚಪ್ಪ ಮಲಗಿದ್ದರು. ಆಕೆ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡಳು.

“ಹೇಳ್ರಿ ಮಾಸ್ತರ.”

“ನಿಮ್ಮ ಸಿಂಗನಕೇರಿ ಕಾಗದ ಓದಿದೆ. ನಿಜಾಮರ ಫಸಲಿ ಸಾವಿರದ ಮುನ್ನೂರ ಇಪ್ಪತ್ತೆಂಟು. ಅಂದ್ರ ಹದಿನೆಂಟನೇ ಇಸವಿ, ದೊಡ್ಡ ಜ್ವರದ ಜಡ್ಡು ಬಂದಿತ್ತಲ್ರಿ, ಆ ವರ್ಷ. ಸತ್ತವರ ಪಟ್ಟಿ ಐತಿ. ಅದರಾಗ ಮಲ್ಲಪ್ಪ ಅಗಸಿಮನಿ ಮಗ ಸಿದ್ದಪ್ಪ ಅಂತ ಬರದಾರ. ವಯಸ್ಸು ನಾಕು.”

“ಬ್ಯಾರೆ ಸಿದ್ದಪ್ಪ ಇರಬೇಕ್ರಿ.”

“ನಾನೂ ಹಂಗ ಅಂದ್ಕೊಂಡು ಮೂರು ಸಲ ಓದಿದೆ. ಮಲ್ಲಪ್ಪಗ ಇದ್ದದ್ದು ಒಬ್ಬಾಂವನೇ ಮಗ ಬಾಯಾರ.”

ಮಲ್ಲಪ್ಪನ ಮಗ ಸಿದ್ದಪ್ಪ ಎಂದರೆ ರಾಚಪ್ಪನವರ ಅಪ್ಪ, ತುಳಸಾಬಾಯಿಯ ಅಜ್ಜ. ನಾಲ್ಕು ವರ್ಷಕ್ಕೆ ತೀರಿಕೊಂಡ ಕೂಸು ಬೆಳೆದು, ಮದುವೆಯಾಗಿ, ರಾಚಪ್ಪನಿಗೆ ಅಪ್ಪನಾಗಿ, ಐವತ್ತರ ಮೇಲೆ ಸಾಯುವುದು ಹೇಗೆ? ಕೆಳಗೆ ರಸ್ತೆಯಲ್ಲಿ ತರಕಾರಿ ಗಾಡಿಯವನು ಟೊಮೆಟೊ ಕೂಗಿಕೊಂಡು ಹೋದ. ಆಕೆ ಫೋನ್ ಇಟ್ಟು ಅವನನ್ನೇ ನೋಡುತ್ತ ನಿಂತಳು.

ಈ ಹುಡುಕಾಟದ ಹುಚ್ಚು ಹತ್ತಿಸಿದವರೇ ರಾಚಪ್ಪ. ಅವರಿಗೆ ಆರೇಳು ವರ್ಷವಿದ್ದಾಗ ಹುಟ್ಟೂರು ಸಿಂಗನಕೇರಿಗೆ ಹೆಳವ ಬಂದಿದ್ದ. ಹೆಳವರೆಂದರೆ ಮನೆತನಗಳ ವಂಶಾವಳಿಯನ್ನು ಹೊತ್ತಿಗೆಯಲ್ಲಿ ಬರೆದಿಟ್ಟುಕೊಂಡು, ಎಷ್ಟೋ ವರ್ಷಕ್ಕೊಮ್ಮೆ ಊರಿಗೆ ಬಂದು ಓದಿ ಹೇಳುವವರು. ಅವತ್ತು ಅಗಸಿಮನಿಯ ಎಲ್ಲ ಹುಡುಗರ ಹೆಸರೂ ಬಂತು, ರಾಚಪ್ಪನ ಹೆಸರು ಬರಲಿಲ್ಲ. “ಬರೂ ಸಲ ಓದ್ತಾನೇಳು” ಎಂದು ಅವರಪ್ಪ ಸಿದ್ದಪ್ಪ ಕೈಹಿಡಿದು ಎಳೆದುಕೊಂಡು ಹೋದರಂತೆ. ಬರುವ ಸಲ ಎಂಬುದು ಬರಲಿಲ್ಲ. ಆ ಕುಟುಂಬ ಊರು ಬಿಟ್ಟು ಕಲಬುರಗಿಗೆ ಬಂತು, ರಾಚಪ್ಪ ನೌಕರಿಗೆಂದು ಹೈದರಾಬಾದಿಗೆ ಬಂದರು. ತೊಂಬತ್ತು ದಾಟಿದ ಮೇಲೆ ಮುದುಕರು ಬೆಳಿಗ್ಗೆ ತಿಂದ ಉಪ್ಪಿಟ್ಟನ್ನು ಮರೆಯುತ್ತಿದ್ದರು, ಅದೊಂದನ್ನು ಮರೆಯಲಿಲ್ಲ.

ತುಳಸಾಬಾಯಿ ರಕ್ಷಣಾ ಇಲಾಖೆಯ ಒಂದು ಘಟಕದಲ್ಲಿ ಮೂವತ್ತನಾಲ್ಕು ವರ್ಷ ಟ್ರೇಸರ್ ಆಗಿದ್ದವಳು. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಗೀಚಿದ ನಕ್ಷೆಯನ್ನು ಪಾರದರ್ಶಕ ಹಾಳೆಯ ಮೇಲೆ ಶಾಯಿಯಲ್ಲಿ ಎಳೆಯುವುದು ಕೆಲಸ. ಕಂಪ್ಯೂಟರ್ ಬಂದ ಮೇಲೂ ಆಕೆಯನ್ನು ಯಾರೂ ಕದಲಿಸಲಿಲ್ಲ, ಹಳೇ ನಕ್ಷೆಗಳ ಗೊಂದಲ ಆಕೆಗೊಬ್ಬಳಿಗೇ ತಿಳಿಯುತ್ತಿತ್ತು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, “ಟೈಮ್ ಸಿಗಲಿಲ್ರೀ” ಎನ್ನುತ್ತಿದ್ದಳು. ನಿವೃತ್ತಿಯಾದ ವಾರವೇ, ಮನೆತನ ಹುಡುಕುವವರ ಒಂದು ವಾಟ್ಸಾಪ್ ಗುಂಪು ಸೇರಿದಳು. ಅಗಸಿಮನಿ ಎಂಬ ಹೆಸರು ಹುಡುಕಲು ಹೊರಟವರಿಗೆ ದೇವರೇ ಗತಿ. ಅಗಸಿಯೆಂದರೆ ಊರ ಬಾಗಿಲು. ಊರಿಗೊಂದು ಅಗಸಿ, ಅದರ ಪಕ್ಕಕ್ಕೊಂದು ಮನೆ, ಆ ಮನೆಯವರೆಲ್ಲ ಅಗಸಿಮನಿ! ಒಬ್ಬರಿಗೊಬ್ಬರು ಸಂಬಂಧವಿಲ್ಲದ ಅಗಸಿಮನಿಗಳು ನೂರಾರು.

ಗುಂಪಿನವರು ಕೈಬಿಡಲಿಲ್ಲ. ಖಾಜಾಮಿಯಾ ನಿಜಾಮರ ಕಾಲದ ಉರ್ದು ಕಾಗದ ಓದಿಕೊಟ್ಟರು. ಮಾದಾಪುರದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಉಡುಪಿ ಕಡೆಯ ನೇತ್ರಾ, ತನ್ನ ಮನೆತನ ಹುಡುಕುವುದನ್ನು ಬದಿಗಿಟ್ಟು, ಸಿಂಗನಕೇರಿಯ ಹೆಳವರ ವಂಶದವನು ಯಾರೆಂದು ನಾಲ್ಕು ತಿಂಗಳು ಬೆನ್ನುಹತ್ತಿ ಬಸು ಎಂಬವನನ್ನು ಪತ್ತೆಮಾಡಿದಳು. ಮೂರು ವರ್ಷದಲ್ಲಿ ಸಿಂಗನಕೇರಿ ಅಗಸಿಮನಿಯವರ ಮೂವತ್ತೆಂಟು ಮನೆ ಸಿಕ್ಕವು. ಎಲ್ಲರೂ ಭಾನುವಾರ ಕಾಚಿಗುಡದ ಸಣ್ಣ ಸಭಾಂಗಣದಲ್ಲಿ ಸೇರುವುದೆಂದೂ, ಬಸು ಬಂದು ಹೊತ್ತಿಗೆ ಓದುವುದೆಂದೂ ನಿಶ್ಚಯವಾಗಿತ್ತು. ರಾಚಪ್ಪ ಅವತ್ತಿಗೆಂದು ಬಿಳಿ ಅಂಗಿ ಇಸ್ತ್ರಿ ಮಾಡಿಸಿಟ್ಟು ಎಂಟು ದಿನವಾಗಿತ್ತು.

ಅದೇ ಶುಕ್ರವಾರ ಸಂಜೆ ನಾಲ್ಕಕ್ಕೇ ತುಳಸಾಬಾಯಿ ಮೆಟ್ರೋ ಹತ್ತಿದಳು. ಬಸುವಿಗೆ ಅಮೀರ್‌ಪೇಟೆಯ ಒಂದು ಹಾಸ್ಟೆಲಿನಲ್ಲಿ ನೇತ್ರಾಳೇ ಮಂಚ ಕೊಡಿಸಿದ್ದಳು. ಕೋಡಿಂಗ್ ಕಲಿಯುವ ಹುಡುಗರ ನಡುವೆ, ಜೀನ್ಸ್ ಪ್ಯಾಂಟಿನ ನಲವತ್ತರ ಹೆಳವ ಕೆಂಪು ಬಟ್ಟೆಯ ಗಂಟನ್ನು ದಿಂಬಿನ ಪಕ್ಕ ಇಟ್ಟುಕೊಂಡು ಕೂತಿದ್ದ. ನೇತ್ರಾ ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದಳು.

“ಸಿದ್ದಪ್ಪನ ಹಾಳಿ ತಗೀರಿ,” ಎಂದಳು ತುಳಸಾಬಾಯಿ, ಕೂರುವ ಮೊದಲೇ.

ಬಸು ಕೈತೊಳೆದು ಬಂದು ಗಂಟು ಬಿಚ್ಚಿದ. ಮಲ್ಲಪ್ಪ ಎಂಬ ಹೆಸರು, ಅದರ ಕೆಳಗೆ ಸಿದ್ದಪ್ಪ, ಸಿದ್ದಪ್ಪನ ಪಕ್ಕದಲ್ಲಿ ಒಂದು ಸೊನ್ನೆ. ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ.

“ಸೊನ್ನಿ ಅಂದ್ರ ಕೂಸಿದ್ದಾಗ ಹೋತು ಅಂತ ಅಕ್ಕಾರ,” ಬಸು ದನಿ ತಗ್ಗಿಸಿದ. “ನಮ್ಮ ಮುತ್ಯಾ ಹೇಳಿದ್ದು ನಮ್ಮಪ್ಪಗ, ನಮ್ಮಪ್ಪ ನಂಗ. ಆ ಜಡ್ಡಿನಾಗ ಮಲ್ಲಪ್ಪನೂ ಹೋದ, ಮಗನೂ ಹೋದ. ಹೇಣ್ತಿ ಗೌರವ್ವ ಒಬ್ಬಾಕಿ ಉಳದಳು. ಅದೇ ವಾರ ಅಗಸಿ ಮುಂದ ಒಂದು ಹುಡುಗ ಅಳಾಕತ್ತಿತ್ತಂತ. ಯಾವೂರು, ಯಾರ ಮಗ, ಯಾರಿಗೂ ಗೊತ್ತಿಲ್ಲ. ಗೌರವ್ವ ಒಳಗ ಕರ್ಕೊಂಡು ಸಿದ್ದಪ್ಪ ಅಂತಲೇ ಕರದಳು.”

“ಹಂಗಾದ್ರ ಬರಿಯಾಕೇನಾಗಿತ್ತು?”

“ಹೊರಗಿನವರನ್ನ ಬರೀಬೇಕಂದ್ರ ಮನೆತನದ ಹಿರೇರು ಐದು ಮಂದಿ ಹೂಂ ಅನಬೇಕ್ರಿ. ಅವತ್ತು ಯಾರೂ ಅನಲಿಲ್ಲ. ಇವತ್ತಿಲ್ಲ ನಾಳೆ ಅಂದಾರು ಅಂತ ನಮ್ಮ ಮುತ್ಯಾ ಜಾಗ ಬಿಟ್ಟಾನ.”

ತುಳಸಾಬಾಯಿ ಯಾರ ಮುಂದೆಯೂ ಕೈಯೊಡ್ಡಿದವಳಲ್ಲ. ಅವತ್ತು ಒಡ್ಡಿದಳು. “ಬಸಣ್ಣಾ, ಬರೀಬ್ಯಾಡ. ಒಂದು ಸಲ ಬಾಯಿಲೆ ಓದಿಬಿಡು. ರಾಚಪ್ಪ ಅಂತ ಒಂದೇ ಮಾತು. ಮುದುಕ ಕೇಳಿ ಸುಖವಾಗಿ ಇರ್ತಾನ.”

ಬಸು ಹೊತ್ತಿಗೆ ಮುಚ್ಚಿದ. “ನಿಮ್ಮ ಕಾಲಿಗೆ ಬೀಳ್ತೀನಿ ಅಕ್ಕಾರ, ಅದೊಂದು ಕೇಳಬ್ಯಾಡ್ರಿ. ಒಂದು ಸುಳ್ಳು ಓದಿದ್ರ ಇದರಾಗಿನ ನಾಕುನೂರು ಮನಿ ಸುಳ್ಳಾಗ್ತಾವ. ಸಿದ್ದಪ್ಪನ ತನಕ ಓದ್ತೀನಿ, ಮುಂದಿನ ಹಾಳಿ ತಿರುವ್ತೀನಿ.”

ಮೆಟ್ಟಿಲಿಳಿಯುವಾಗ ನೇತ್ರಾ ಆಕೆಯ ತೋಳು ಹಿಡಿದುಕೊಂಡಳು. “ಆಂಟಿ, ಅಜ್ಜನನ್ನ ಕರ್ಕೊಂಡು ಬರೋದೇ ಬೇಡ. ಕಾರ್ಯಕ್ರಮ ಮುಂದೆ ಹೋಯ್ತು ಅಂತ ಹೇಳಿ.”

“ಎಷ್ಟು ಮುಂದ ಹಾಕಲಿ? ತೊಂಬತ್ತೊಂದು ಅವರಿಗೆ,” ಎಂದಳು ತುಳಸಾಬಾಯಿ.

ಶನಿವಾರ ಇಡೀ ದಿನ ಹೇಳುವೆನೆಂದು ಅಪ್ಪನ ಸುತ್ತ ಸುಳಿದಳು. ಮಾತ್ರೆ ಕೊಡುವಾಗ ಹೇಳುವುದೆಂದುಕೊಂಡಳು, ಮಾತ್ರೆ ಕೊಟ್ಟಳು. ಗಡ್ಡ ಮಾಡುವಾಗ ಎಂದುಕೊಂಡಳು. ಕೆನ್ನೆಗೆ ಸೋಪು ಹಚ್ಚಿಸಿಕೊಳ್ಳುತ್ತಲೇ ರಾಚಪ್ಪ, “ನನ್ನ ಹೆಸರು ಓದಿದಾಗ ಎದ್ದು ನಿಂದ್ರಬೇಕೋ, ಕುಂತಲ್ಲೇ ಕೈ ಮುಗೀಬೇಕೋ?” ಎಂದು ಕೇಳಿದರು.

“ಕುಂತಲ್ಲೇ ಸಾಕು,” ಎಂದಳು.

ಮಧ್ಯಾಹ್ನ, ಭಾನುವಾರಕ್ಕೆಂದು ಬರೆದಿಟ್ಟಿದ್ದ ಹನ್ನೆರಡು ಅಡಿಯ ವಂಶವೃಕ್ಷದ ಹಾಳೆಯನ್ನು ನೆಲದ ಮೇಲೆ ಬಿಚ್ಚಿದಳು. ನಾನೂರ ಹನ್ನೆರಡು ಹೆಸರು, ಎಲ್ಲವೂ ಆಕೆಯ ಕೈಬರಹ. ಶಾಯಿಯ ತಪ್ಪನ್ನು ಅರ್ಧ ಬ್ಲೇಡಿನಿಂದ ಕೆರೆದು ತೆಗೆಯುವುದರಲ್ಲಿ ಇಡೀ ಘಟಕದಲ್ಲಿ ಆಕೆಯನ್ನು ಮೀರಿಸಿದವರಿರಲಿಲ್ಲ. ಹಾಳೆಯ ಎಡತುದಿಯಲ್ಲಿ ಸಿದ್ದಪ್ಪನಿಂದ ರಾಚಪ್ಪನಿಗೆ, ರಾಚಪ್ಪನಿಂದ ತುಳಸಾಬಾಯಿಗೆ ಇಳಿದಿದ್ದ ಗೆರೆಯ ಮೇಲೆ ಬ್ಲೇಡು ಇಟ್ಟಳು. ಎರಡು ಸಲ ಎಳೆದರೆ ಮುಗಿಯಿತು, ಗುರುತೂ ಉಳಿಯುವುದಿಲ್ಲ. ಎಳೆಯದೆ ಬ್ಲೇಡನ್ನು ಡಬ್ಬಿಗೆ ಹಾಕಿದಳು. ಹಾಳೆ ಸುತ್ತಿ, ಗೋಡೆಗೆ ಒರಗಿಸಿ, ಅಡುಗೆಮನೆಗೆ ಹೋಗಿ ಅತ್ತಳು.

ಭಾನುವಾರ ಸಭಾಂಗಣ ತುಂಬಿತ್ತು. ಸೊಲ್ಲಾಪುರದಿಂದ ಬಂದಿದ್ದ ಅಂಬಾದಾಸ ಎಲ್ಲರಿಗಿಂತ ಹಿರಿಯ ಶಾಖೆಯವರು. ರೈಲ್ವೆ ಗಾರ್ಡ್ ಆಗಿದ್ದವರು, ಈಗಲೂ ಯಾರಾದರೂ ತಮಗೆ ಹಸಿರು ಬಾವುಟ ತೋರಿಸುವವರೆಗೆ ಕೂರುವವರಲ್ಲ. ಅವರಿಗೆ ಮುಂದಿನ ಸಾಲಿನ ನಡುವಿನ ಕುರ್ಚಿ ಕೊಟ್ಟ ಮೇಲೆ ಎಲ್ಲ ಶಾಂತವಾಯಿತು. ಅವರ ಪಕ್ಕದಲ್ಲೇ ರಾಚಪ್ಪ, ಬಿಳಿ ಅಂಗಿಯ ಕೊರಳಿನ ಗುಂಡಿಯನ್ನೂ ಹಾಕಿಕೊಂಡು, ಒಂದು ಕಿವಿಯನ್ನು ಬಸುವಿನ ಕಡೆ ತಿರುಗಿಸಿ ಕೂತಿದ್ದರು.

ಬಸು ರಾಗವಾಗಿ ಓದತೊಡಗಿದ. ಒಂದೊಂದು ಶಾಖೆ ಮುಗಿದಂತೆ ಆ ಮನೆಯವರು ಎದ್ದು ಕೈಮುಗಿಯುತ್ತಿದ್ದರು. ಹೆಂಗಸರು ಕಣ್ಣೊರೆಸಿಕೊಂಡರು. ತುಳಸಾಬಾಯಿ ಗೋಡೆಗೆ ಆತು ನಿಂತು ಹಾಳೆಗಳನ್ನು ಎಣಿಸುತ್ತಿದ್ದಳು. ಇನ್ನು ಐದು. ಇನ್ನು ಮೂರು. ಸುಮ್ಮನಿದ್ದರೆ ಬಸು ಸಿದ್ದಪ್ಪನವರೆಗೆ ಓದಿ ಹಾಳೆ ತಿರುವುತ್ತಾನೆ. ತೊಂಬತ್ತೊಂದು ವರ್ಷದ ಮನುಷ್ಯ ಇಷ್ಟು ಜನರ ನಡುವೆ ತನ್ನ ಹೆಸರಿಗಾಗಿ ಕಾದು ಕೂತೇ ಇರುತ್ತಾನೆ. ನಿಲ್ಲಿಸಬೇಕೆಂದರೆ ಅಪ್ಪನೆದುರೇ ಅದನ್ನು ಬಾಯಿಬಿಟ್ಟು ಹೇಳಬೇಕು. ಮನೆಯಲ್ಲಿ ಹೇಳುವ ಧೈರ್ಯ ಮಾಡದ ತನ್ನ ಮೇಲೆ ಆಕೆಗೆ ಹೇಸಿಗೆಯಾಯಿತು.

“ಒಂದು ನಿಮಿಷ ನಿಂದ್ರು ಬಸಣ್ಣಾ,” ಎಂದಳು. ದನಿ ತನ್ನದಲ್ಲವೆಂಬಷ್ಟು ಗಟ್ಟಿಯಾಗಿತ್ತು.

ಗೌರವ್ವನ ಸಂಗತಿ, ಅಗಸಿ ಮುಂದೆ ಸಿಕ್ಕ ಹುಡುಗನ ಸಂಗತಿ, ಐದು ಮಂದಿಯ ಸಂಗತಿ, ಎಲ್ಲವನ್ನೂ ಹೇಳಿದಳು. ಅಪ್ಪನ ಕಡೆ ನೋಡಲಿಲ್ಲ. “ನಾವು ನಿಮ್ಮ ರಕ್ತದವರಲ್ಲ. ಮೊನ್ನೆ ಶುಕ್ರವಾರದ ತನಕ ನಂಗೂ ಗೊತ್ತಿರಲಿಲ್ಲ. ನಮ್ಮಪ್ಪನ್ನ ಬರಸ್ರಿ ಅಂತ ಕೇಳಾಕತ್ತೀನಿ. ಬ್ಯಾಡಂದ್ರ ನಾ ಬರದ ವಂಶವೃಕ್ಷದ ಹಾಳಿ ನಿಮಗ ಕೊಟ್ಟು ಮನಿಗೆ ಹೋಗ್ತೀವಿ.”

ಮೊದಲು ಮಾತಾಡಿದವರು ಅಂಬಾದಾಸರು. “ಪಾಪ ಅನ್ನೂದು ಬ್ಯಾರೆ ತಂಗೀ, ವಂಶ ಅನ್ನೂದು ಬ್ಯಾರೆ. ಹಿರೇರು ಅವತ್ತು ಬ್ಯಾಡಂದಾರ. ನಾವು ಅವರಿಗಿಂತ ದೊಡ್ಡವರೇನು?” ಹಿಂದಿನ ಸಾಲುಗಳಿಂದ ಹೌದು ಹೌದು ಎಂಬ ಗುಜುಗುಜು ಬಂತು. ಯಾರೋ ತೆಲುಗಿನಲ್ಲಿ ಹೆಂಡತಿಗೆ ವಿವರಿಸಿದರು. ಕಪ್ಪುಗಳಲ್ಲಿದ್ದ ಚಹಾ ತಣ್ಣಗಾಯಿತು. ರಾಯಚೂರಿನಿಂದ ಬಂದಿದ್ದ ಬ್ಯಾಂಕಿನ ಶಾಂತಕುಮಾರ ಸಿಟ್ಟಿನಿಂದ ಎದ್ದರು.

“ಕಾಕಾ, ನೀವು ಸೊಲ್ಲಾಪುರದಾಗ ಅದೀರಿ ಅಂತ ನಂಗ ಗೊತ್ತಾಗಿದ್ದು ಹೋದ ವರ್ಷ. ಹುಡುಕಿದಾಕಿ ಇಕಿ. ಇಕಿನ್ನ ಹೊರಗ ಹಾಕಿ ನಾವು ಒಳಗ ಕುಂತು ಏನು ಮಾಡೂಣು? ನಂದೊಂದು ಹೂಂ ಬರ್ಕೋ ಬಸಣ್ಣಾ.”

ಸುಭದ್ರಾ ಎಂಬ ಮುದುಕಿ ಕೋಲೆತ್ತಿ, “ನಂದೂ ಬರ್ಕೋ” ಎಂದಳು. ಹೆಂಗಸರ ಹೂಂ ಲೆಕ್ಕಕ್ಕಿಲ್ಲ ಎಂದು ಒಬ್ಬರು ಗೊಣಗಿದರು. ಹಿರಿಯರು ಎಂದಷ್ಟೇ ಇದೆ, ಗಂಡಸರು ಎಂದಿಲ್ಲ ಎಂದ ಬಸು. ಅದಕ್ಕೂ ಹತ್ತು ನಿಮಿಷ ಜಗಳವಾಯಿತು. ಎರಡು ಮನೆಯವರು ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದರು. ಮೂರನೆಯ ಕೈ ಎದ್ದಿತು, ನಾಲ್ಕನೆಯದು ಬಲು ನಿಧಾನವಾಗಿ ಎದ್ದಿತು. ಅಂಬಾದಾಸರು ಕಡೆಗೂ ಕೈಯೆತ್ತಲಿಲ್ಲ. ಅವರ ಬೆನ್ನ ಹಿಂದೆ ಕೂತಿದ್ದ ಅವರ ಸ್ವಂತ ತಮ್ಮ, ಅಣ್ಣ ತಿರುಗಿ ನೋಡಿದರೂ ಮುಖ ಕಾಣದಂತೆ ತಲೆ ತಗ್ಗಿಸಿ, ಐದನೆಯ ಕೈಯೆತ್ತಿದರು.

ಆಗ ಆಕೆ ಅಪ್ಪನ ಕಡೆ ನೋಡಿದಳು. ರಾಚಪ್ಪ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. ಮುಖದಲ್ಲಿ ಏನಿದೆಯೆಂದು ಮಗಳಿಗೂ ತಿಳಿಯಲಿಲ್ಲ.

ಬಸು ಪೆನ್ನಿನ ಮುಚ್ಚಳ ತೆಗೆದ, ಬರೆಯಲಿಲ್ಲ. “ಅಜ್ಜಾರ, ನಿಮ್ಮಪ್ಪನ ಹೆಸರು ಸಿದ್ದಪ್ಪ ಅಂತ ಬರಿಯಾಕ ಬರೂದಿಲ್ರಿ. ಆ ಹೆಸರಿನ ಕೂಸು ಇಲ್ಲೇ ಮ್ಯಾಲ ಐತಿ. ಅವರ ಖರೇ ಹೆಸರು ಹೇಳ್ರಿ.”

ಇದೊಂದು ತುಳಸಾಬಾಯಿಗೆ ಹೊಳೆದೇ ಇರಲಿಲ್ಲ. ಅಗಸಿ ಮುಂದೆ ಅಳುತ್ತಿದ್ದ ಹುಡುಗನ ಹೆಸರು ಯಾವ ಕಾಗದದಲ್ಲಿದ್ದೀತು? ನೇತ್ರಾಳ ಪಕ್ಕ ಕೂತಿದ್ದ ಖಾಜಾಮಿಯಾ ಕಡೆ ನೋಡಿದಳು, ಅವರು ಇಲ್ಲವೆಂದು ತಲೆಯಾಡಿಸಿದರು. ನೇತ್ರಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು. ಅಂಬಾದಾಸರು, ನಾನು ಹೇಳಲಿಲ್ಲವೇ ಎಂಬಂತೆ ಕುರ್ಚಿಗೆ ಒರಗಿದರು.

ರಾಚಪ್ಪ ಯಾರ ಕಡೆಗೂ ನೋಡದೆ, ತಮಗೆ ತಾವೇ ಎಂಬಂತೆ ಮಾತಾಡಿದರು. “ಸಾಯೂ ಮುಂದ ನಮ್ಮಪ್ಪ ಎರಡು ದಿನ ಜ್ವರದಾಗ ಒಂದೇ ಮಾತು ಅಂತಿದ್ದ. ಸಣ್ಣ ದನಿ ಮಾಡಿ, ಹೆಂಗಸರು ಕರದಂಗ. ಚಂದ್ರಾಮಾ, ಮನಿಗಿ ಬಾ. ಚಂದ್ರಾಮಾ, ಮನಿಗಿ ಬಾ. ಯಾರನ್ನೋ ನೋಡಬೇಕಂತಾನ ಅಂತ ನಾ ಓಣಿ ತುಂಬ ಆ ಚಂದ್ರಾಮನ್ನ ಹುಡುಕಿದೆ. ಸಿಗಲಿಲ್ಲ. ಸಾಯೂ ಮನಷ್ಯಾ ಅಷ್ಟು ಕರದ್ರೂ ಬರಲಿಲ್ಲಲ್ಲ ಅಂತ ಅರವತ್ತು ವರ್ಷ ಅವನ ಮ್ಯಾಲ ಸಿಟ್ಟಿತ್ತು ನಂಗ.”

ಮಗಳು ಹತ್ತಿರ ಬಂದು ಭುಜ ಹಿಡಿದುಕೊಂಡಳು. ಬಸು ಪೆನ್ನು ಹಿಡಿದು ಕಾಯುತ್ತಿದ್ದ.

“ಚಂದ್ರಾಮ ಅಂತ ಬರ್ಕೋ ತಮ್ಮಾ,” ಎಂದರು ರಾಚಪ್ಪ. “ಮನಿಗಿ ಬಂದ ಅಂತ ಬರ್ಕೋ.”