ಚೀನಾದ ರಾಜನಿಗೊಂದು ಗೋದಲಿ

ಕೊಲ್ಲಿ ನಾಡಿನ ಹಮದ್ ಟೌನ್‌ನ ನಮ್ಮ ಮನೆಯ ಟೆರೇಸಿನಲ್ಲಿ ಬಟ್ಟೆ ಒಣಹಾಕುವಾಗ ಕಾಣುತ್ತಿದ್ದುದು ಗೋರಿಗಳೇ. ಸಾವಿರಾರು ವರ್ಷ ಹಳೆಯ ಮಣ್ಣಿನ ದಿಬ್ಬಗಳು, ರಸ್ತೆಯುದ್ದಕ್ಕೂ. ಆದರೆ ಟೆರೇಸಿನಿಂದ ಕಾಣುವುದನ್ನೆಲ್ಲ ವಿದ್ಯೆ ಎನ್ನಲಾಗುತ್ತದೆಯೇ? ಹಾಗಾಗಿ ತೊಂಬತ್ತರ ದಶಕದ ಆ ವರ್ಷ ಶಾಲೆಯ ವಸ್ತುಪ್ರದರ್ಶನಕ್ಕೆ ಮಗಳ ಪಾಲಿಗೆ ಬಂದದ್ದು ಚೀನಾದ ಮೊದಲ ಚಕ್ರವರ್ತಿಯ ಸಮಾಧಿ.

ಲೈಬ್ರರಿ ಪುಸ್ತಕ ಓದಿದ ಮಗಳು ಒಂದೇ ಸಂಗತಿಗೆ ಮನಸೋತಿದ್ದಳು. ಬಾವಿ ತೋಡಲು ಹೋದ ರೈತರಿಗೆ ಮಣ್ಣಿನ ಸೈನಿಕರು ಸಿಕ್ಕಿದರು, ಅಗೆದಷ್ಟೂ ಸಾಲು ಸಾಲಾಗಿ ಸಿಕ್ಕಿದರು. ಗಾಳಿ ತಾಗಿದೊಡನೆ ಅವರ ಮೈಬಣ್ಣ ಉದುರಿಹೋಯಿತಂತೆ. ಒಳಗಿನದ್ದೂ ಹಾಗೆ ಹಾಳಾಗಬಾರದೆಂದು ರಾಜ ಮಲಗಿದ ದಿಬ್ಬವನ್ನು ಸಂಶೋಧಕರು ತೆರೆಯದೆ ಬಿಟ್ಟಿದ್ದಾರಂತೆ.

"ಮುಚ್ಚಿದ ದಿಬ್ಬ ಮಾಡುವ, ಅಮ್ಮ. ಯಾಕೆ ಮುಚ್ಚಿದೆ ಅಂತ ನಾನೇ ಹೇಳ್ತೇನೆ" ಎಂದಳು. ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿ. ತಾನಾಗಿ ಮಾತನಾಡುತ್ತೇನೆ ಎಂದದ್ದು ಅದೇ ಮೊದಲು.

ಶುಕ್ರವಾರದ ರಜೆಗೆ ನಮ್ಮ ಮನೆಯವರು ಮೀನಾ ಸಲ್ಮಾನ್ ಬಂದರಿನಲ್ಲಿ ತಾವು ಕೆಲಸ ಮಾಡುವ ಗೋದಾಮಿನಿಂದ ದೊಡ್ಡ ಮರದ ಪೆಟ್ಟಿಗೆ ತಂದರು. ಜೊತೆಗೆ ನಾವು ಪೊರ್ಬುಗಳೆಂದು ಕರೆಯುತ್ತಿದ್ದ ಪಕ್ಕದ ಮನೆಯ ಮಂಗಳೂರಿನ ಕ್ರೈಸ್ತರೊಬ್ಬರನ್ನೂ ಕರೆತಂದರು. ಅವರ ಕೆಲಸ ಸಿತ್ರಾದ ರಿಫೈನರಿಯಲ್ಲಿ, ಕೀರ್ತಿ ಮಾತ್ರ ಕ್ರಿಸ್ಮಸ್ಸಿಗೆ ಕ್ರಿಸ್ತ ಹುಟ್ಟಿದ ಕೊಟ್ಟಿಗೆಯ ಮಾದರಿಯಾಗಿ ಕಟ್ಟುವ ಗೋದಲಿಯಿಂದ. ಗೋದಲಿ ಕಟ್ಟಿದ ಕೈ ಗೋರಿ ಕಟ್ಟಲಾರದೇ ಎಂಬುದು ನಮ್ಮವರ ತರ್ಕ.

ಕಟ್ಟಿತು. ನಾನು ಮೈದಾಹಿಟ್ಟಿಗೆ ಉಪ್ಪು ಹಾಕಿ ಕಲಸಿ, ಸೈನಿಕರನ್ನು ಮಾಡಿ, ಸಂಡಿಗೆಯ ಹಾಗೆ ಬಿಸಿಲಿಗೆ ಒಣಗಿಸಿ ತರುವಷ್ಟರಲ್ಲಿ ಸಮಾಧಿಗೆ ಬೈಹುಲ್ಲಿನ ಮಾಡು ಬಂದಿತ್ತು. ಹತ್ತಿಯ ಹಿಮ ಬಿದ್ದಿತ್ತು. ಮುಂಭಾಗ ಪೂರ್ತಿ ತೆರೆದಿತ್ತು, ಒಳಗೆ ಬಣ್ಣದ ಲೈಟಿನ ಸರ, ನೆತ್ತಿಯಲ್ಲಿ ನಕ್ಷತ್ರ. ನಮ್ಮವರು ತಾವೇನು ಕಡಿಮೆ ಎಂದು ಚಿನ್ನದ ಕಾಗದ ಕತ್ತರಿಸಿ, ಒಳಗೆ ಮಲಗಿಸಿದ ರಾಜನ ಬೊಂಬೆಗೆ ಯಕ್ಷಗಾನದ ಕಿರೀಟ ತೊಡಿಸಿದ್ದರು. ಅಷ್ಟು ಸೈನ್ಯವನ್ನು ಕಾವಲಿಟ್ಟು ಮಲಗಿದವನಿಗೆ ಕೊನೆಗೂ ತಕ್ಕ ಮರ್ಯಾದೆ ಸಿಕ್ಕಿತು.

ಮಗಳು ಬಂದು ನೋಡಿದಳು. "ಪಪ್ಪ, ಅದು ಕ್ಲೋಸ್ಡ್ ಇರ್ಬೇಕು."

"ಮುಚ್ಚಿದ್ರೆ ನೋಡ್ಲಿಕ್ಕೆ ಎಂತ ಉಂಟು ಮಗಾ? ಮಣ್ಣಾ?"

"ಹೌದು. ಮಣ್ಣು."

"ಮಣ್ಣು ನೋಡ್ಲಿಕ್ಕೆ ಶಾಲೆಗೆ ಯಾಕೆ ಬರ್ಬೇಕು?" ಎಂದರು ಪೊರ್ಬುಗಳು. "ಬಸ್ಸಿನ ಕಿಟಕಿಯಲ್ಲಿ ದಿನಾ ಕಾಣ್ತದಲ್ಲ."

"ಗಾಳಿ ತಾಗಿದ್ರೆ ಕಲರ್ ಹೋಗ್ತದೆ ಅಂಕಲ್."

"ಹೋಗುದಿಲ್ಲ ಮಾರಾಯ್ತಿ. ವಾರ್ನಿಷ್ ಹೊಡ್ದಿದ್ದೇನೆ."

"ಚೀನಾದವರು ಸುರುವಿಗೇ ನಿಮ್ಮ ಹತ್ರ ಕೇಳ್ಬೇಕಿತ್ತು" ಎಂದೆ ನಾನು. ಅವರು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡು ಇನ್ನೊಂದು ಚಹಾ ಕೇಳಿದರು.

ಮಗಳು ಊಟಕ್ಕೆ ಏಳಲಿಲ್ಲ. "ನಾನು ಅಲ್ಲಿ ಏನೂ ಹೇಳುದಿಲ್ಲ. ಪಪ್ಪನೇ ನಿಲ್ಲಲಿ" ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಪಪ್ಪನಿಗೆ ಅದೂ ಒಪ್ಪಿಗೆಯೇ ಇತ್ತು. ಇಸ್ತ್ರಿ ಮಾಡಿದ ಅಂಗಿ ಎಲ್ಲಿದೆಯೆಂದು ಕೇಳಿದರು.

ಮರುದಿನ ಗಂಡಸರಿಬ್ಬರೂ ಕೆಲಸದಲ್ಲಿದ್ದಾಗ, ಶಾಲೆಯಿಂದ ಬಂದ ಅವಳನ್ನು ಕರೆದು ಕೇಳಿದೆ, "ರಾಜನನ್ನು ತೆಗೆಯುದಾ?"

ಅವಳು ಯೋಚಿಸಿದಳು. "ಬೇಡ. ಅವ ಒಳಗೇ ಇರ್ಲಿ."

ನಕ್ಷತ್ರವನ್ನು ಕಿತ್ತೆವು. ಎದುರಿಗೆ ಹಲಗೆ ಹೊಡೆದೆವು. ಹಳೆಯ ಗೋಣಿಯನ್ನು ಪ್ಲಾಸ್ಟರಿನಲ್ಲಿ ಅದ್ದಿ ಇಡೀ ಗೋದಲಿಗೆ ಹೊದಿಸಿ, ಹಸಿಯಿರುವಾಗಲೇ ಅಂಗಳದ ಮಣ್ಣು ಮೆತ್ತಿದೆವು. ಸೈನಿಕರು ಹೊರಗೆ ಸಾಲಾಗಿ ನಿಂತರು. ಸಂಜೆ ಬಂದ ನಮ್ಮವರು ಬಡಿದು ನೋಡಿದರು, ಕೆರೆದು ನೋಡಿದರು. ಕಲ್ಲಾಗಿತ್ತು.

ಪ್ರದರ್ಶನದ ದಿನ ಟೀಚರು ಬಂದು ಒಳಗೇನಿದೆಯೆಂದು ಇಂಗ್ಲಿಷಿನಲ್ಲಿ ಕೇಳಿದರು. ಮಗಳು, "ಗೊತ್ತಿಲ್ಲ ಮಿಸ್, ಯಾರೂ ನೋಡಿಲ್ಲ" ಎಂದು ಇಂಗ್ಲಿಷಿನಲ್ಲೇ ಶುರು ಮಾಡಿದಳು. ಬಾವಿ, ಸೈನಿಕರು, ಉದುರಿದ ಬಣ್ಣ. ಮೊದಮೊದಲು ಸ್ವರ ನಡುಗುತ್ತಿತ್ತು, ಆಮೇಲೆ ಇಲ್ಲ.

ನೋಡಿದವರಿಬ್ಬರೂ ಅವಳ ಬೆನ್ನ ಹಿಂದೆಯೇ ಇದ್ದರು. ಪೊರ್ಬುಗಳು ಕೆಮ್ಮಿದರು. ನಮ್ಮವರು ನನ್ನ ಕಿವಿಯ ಹತ್ತಿರ ಬಾಗಿದರು. "ಒಳಗೆ ಎಂತ ಉಂಟೂಂತ ನಂಗೆ ಗೊತ್ತುಂಟಲ್ಲ, ಹೇಳ್ಲಾ?"

"ಅವಳು ಹೇಳಿ ಮುಗಿಸ್ಲಿ" ಎಂದು ಅವರ ಅಂಗಿಯ ತೋಳು ಹಿಡಿದುಕೊಂಡೆ.

ಟೀಚರು ಮುಂದಿನ ಮೇಜಿಗೆ ಹೋದರು. ಮಗಳು ಆಗಲೇ ಟೀಚರ ಹಿಂದೆ ನಿಂತಿದ್ದ ಜನರನ್ನು ಹತ್ತಿರ ಕರೆದು, ಬಾವಿಯಿಂದ ಮತ್ತೆ ಶುರು ಮಾಡಿದ್ದಳು.