ಸೋತವನ ಕೈಯಲ್ಲಿ ಪೇಡೆ

ಗೆದ್ದ ಮುಖ ಮಾಡಿಕೊಂಡು ಓಡಾಡುವುದು ಸುಲಭ. ಒಳಗೊಳಗೇ ಗೆದ್ದು, ಮೇಲೆ ಸೋತ ಮುಖ ಹೊತ್ತು ಓಣಿಯಲ್ಲಿ ತಿರುಗುವುದಿದೆಯಲ್ಲ, ಅದರ ಕಷ್ಟ ನನ್ನನ್ನು ಕೇಳಿ. ಪಾಲಿಕೆ ಚುನಾವಣೆಯ ಫಲಿತಾಂಶ ಬಂದ ದಿನ ನಾನು ಬೆಳಗಿನಿಂದ ಅದೇ ಕಸರತ್ತಿನಲ್ಲಿದ್ದೆ.

ನಾನು ಯಾವ ಪಕ್ಷದವನೆಂದು ಹುಬ್ಬಳ್ಳಿಯ ನಮ್ಮ ಓಣಿಗೆಲ್ಲ ಗೊತ್ತು. ನಿವೃತ್ತ ಮಾಸ್ತರನಿಗೆ ಬೇರೆ ಉದ್ಯೋಗವೇನು? ಕಟ್ಟೆಯ ಮೇಲೆ ಕೂತು ದಿಲ್ಲಿಯನ್ನು ಆಳುತ್ತಿರುತ್ತೇನೆ. ಎದುರು ಪಕ್ಷದ ವಕೀಲಿಕೆ ಎದುರು ಮನೆಯ ದಾವಲಸಾಬನದು. ತಾರಿಹಾಳದಲ್ಲಿ ಲೇಥ್ ನಡೆಸುವ ಅವನ ದನಿ ಮಶಿನ್ನಿನ ಸದ್ದನ್ನು ಮೀರಿಸಿ ಮೀರಿಸಿ ಬಲಿತದ್ದು. ನಮ್ಮಿಬ್ಬರಲ್ಲಿ ಹಳೆಯದೊಂದು ರಿವಾಜಿದೆ. ಗೆದ್ದವನು ಓಣಿಗೆ ಪೇಡೆ ಹಂಚಬೇಕು, ಸೋತವನು ಗೆದ್ದವನ ಮನೆಗೆ ಮಂಡಕ್ಕಿಯ ಗಿರಮಿಟ್ ಮತ್ತು ಮಿರ್ಚಿ ಭಜಿ ಒಯ್ಯಬೇಕು. ಲೋಕಸಭೆಯ ಫಲಿತಾಂಶದ ದಿನ ದಾವಲಸಾಬ ಮುಖ ಸಪ್ಪಗೆ ಮಾಡಿಕೊಂಡು ಗಿರಮಿಟ್ ತಂದಿದ್ದ. ನಾನು ಮಹಾರಾಜನ ಗತ್ತಿನಲ್ಲಿ ತಿಂದಿದ್ದೆ.

ಆದರೆ ದಿಲ್ಲಿ ಬೇರೆ, ನಳ ಬೇರೆ. ನಮ್ಮ ನಳಕ್ಕೆ ವಾರಕ್ಕೊಮ್ಮೆ ನೆನಪಾದರೆ ನೀರು ಬರುತ್ತಿತ್ತು, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಎದುರು ಪಕ್ಷದಿಂದ ನಿಂತಿದ್ದ ಶಾಂತಕ್ಕ ಯಾವ ಅಧಿಕಾರವೂ ಇಲ್ಲದಾಗಲೇ ಸೆರಗು ಸಿಕ್ಕಿಸಿ ನೀರು ಬಿಡುವವನ ಬೆನ್ನು ಹತ್ತಿ, ನಮಗೆ ಬೆಳಗಿನ ನೀರು ಗಿಟ್ಟಿಸಿದವಳು. ನಮ್ಮ ಪಕ್ಷದ ಹುರಿಯಾಳು ಮಂಜುನಾಥ ನನ್ನ ಹಳೆಯ ವಿದ್ಯಾರ್ಥಿ. ಕಾಲಿಗೆ ಬಿದ್ದು ಮತ ಕೇಳಿದ್ದ, ನಾನೂ ಆಶೀರ್ವದಿಸಿದ್ದೆ. ಮತಯಂತ್ರದ ಮುಂದೆ ನಿಂತಾಗ ಮಾತ್ರ ಮನೆಯ ತುಂಬಿದ ಹಂಡೆ ಕಣ್ಮುಂದೆ ಬಂತು. ಬೆರಳು ಶಾಂತಕ್ಕನ ಕಡೆಗೇ ಹೋಯಿತು.

ಶಾಂತಕ್ಕ ಗೆದ್ದಳು, ಮಂಜುನಾಥ ಸೋತ. ನಮ್ಮ ಹಿಂದಿನವರು ಒಂಬತ್ತು ರಸಗಳನ್ನು ಎಣಿಸಿದರು. ತನ್ನ ಮತದಿಂದಲೇ ತನ್ನ ಪಕ್ಷ ಸೋತಾಗ ಹುಟ್ಟುವ ರಸದ ಹೆಸರು ಅವರಿಗೂ ಹೊಳೆದಿಲ್ಲ, ಪಾಪ, ಆಗ ವಾರ್ಡುಗಳಿರಲಿಲ್ಲ. ಓಣಿಯವರು ಒಬ್ಬೊಬ್ಬರಾಗಿ ಬಂದು ಸಮಾಧಾನ ಹೇಳಿದರು. ಕಡೆಗೆ ಮಂಜುನಾಥನೇ ಬಂದ.

"ಸರ್, ನೀವು ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಿಮ್ಮ ಮುಖಾ ನೋಡಿ ನನಗ ಭಾಳ ಕೆಟ್ಟ ಅನಸಾಕತ್ತೈತಿ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹುಡುಗ ಒಳ್ಳೆಯವನು. ನಿಜ ಗೊತ್ತಾದರೆ ಅವನು ಇನ್ನು ಯಾವ ಮಾಸ್ತರನ ಕಾಲಿಗೂ ಬೀಳಲಾರ.

ಸಂಜೆ ಗಿರಮಿಟ್ ತರಲೆಂದು ಕೈಚೀಲ ಹಿಡಿದು ಹೊರಟೆ. ಬೆಳಗ್ಗೆ ತಾನೇ ನಳ ಭರ್ಜರಿಯಾಗಿ ಬಂದಿತ್ತು, ಮನಸ್ಸು ಹಗುರಾಗಿತ್ತು. ಅದೇ ಖುಷಿಯಲ್ಲಿ ಅಂಗಡಿಗೆ ಹೋದೆ, ಕಟ್ಟಿಸಿಕೊಂಡೆ, ಮರಳಿ ಬಂದೆ. ಮಂಜುನಾಥನೂ ಸೇರಿ ಓಣಿಯೆಲ್ಲ ಕಟ್ಟೆಯ ಮೇಲೆ ಜಮಾಯಿಸಿ ನೋಡುತ್ತಿತ್ತು. ತಲೆ ತಗ್ಗಿಸಿ ದಾವಲಸಾಬನ ಪಡಸಾಲೆ ಹತ್ತಿ ಚೀಲ ಕೊಟ್ಟೆ.

ಅವನು ಚೀಲದೊಳಗೆ ಇಣುಕಿದ. ನನ್ನ ಮುಖ ನೋಡಿದ. ಮತ್ತೆ ಇಣುಕಿದ. ನಾನೂ ಇಣುಕಿದೆ. ಒಳಗೆ ಪೇಡೆಯ ಡಬ್ಬಿ!

ಗೆದ್ದವನ ಖುಷಿಯಲ್ಲಿ ನನ್ನ ಬಾಯಿ ಅಂಗಡಿಯಲ್ಲಿ ಪೇಡೆಯನ್ನೇ ಕೇಳಿತ್ತು. ದಾವಲಸಾಬನಿಗೆ ಎಲ್ಲ ತಿಳಿಯಿತು. ಒಂದೇ ಒಂದು ಕೂಗು ಹಾಕಿದ್ದರೆ ಸಾಕಿತ್ತು, ನಾನು ಕಟ್ಟೆಗೂ ಮಂಜುನಾಥನಿಗೂ ಮುಖ ತೋರಿಸುವಂತಿರಲಿಲ್ಲ. ಅವನು ಕಟ್ಟೆಗೆ ಬೆನ್ನು ತಿರುಗಿಸಿ, ಚೀಲದಲ್ಲಿ ಕೈಯಿಟ್ಟು, ಇಡೀ ಪೇಡೆಯೊಂದನ್ನು ಬಾಯಿಗೆ ಹಾಕಿಕೊಂಡ. ಆಮೇಲೆ ಲೇಥಿನ ದನಿ ತೆಗೆದ.

"ಅಯ್ಯಯ್ಯ ಮಾಸ್ತರ! ಏನ ಖಾರ ಮಿರ್ಚಿ ತಂದೀರ್ರಿ! ಸೋತ ಸಿಟ್ಟೆಲ್ಲಾ ಇದರಾಗ ಹಾಕ್ಸೀರೇನ?"

ಕಟ್ಟೆ ಘೊಳ್ಳೆಂದು ನಕ್ಕಿತು. ಮಂಜುನಾಥನೂ ಬೆಳಗಿನಿಂದ ಮೊದಲ ಸಲ ನಕ್ಕ. ನನ್ನ ಕಣ್ಣಲ್ಲಿ ನೀರೇ ಬಂತು, ಓಣಿಯವರು ಅದನ್ನು ಸೋಲಿನ ಲೆಕ್ಕಕ್ಕೆ ಹಾಕಿಕೊಂಡರು. ದಾವಲಸಾಬ ಹುಸಿ ಕೆಮ್ಮು ಕೆಮ್ಮುತ್ತ, ಚೀಲವನ್ನು ನನ್ನ ಕಡೆ ಸರಿಸಿ ಮೆಲ್ಲಗೆ ಹೇಳಿದ:

"ನೀವೂ ಒಂದ ಮಿರ್ಚಿ ತಗೋರಿ. ನಳಾ ನಮ್ಮ ಮನಿಗೂ ಬಂದೈತಿ."